ವೆಡ್ಡಿಂಗ್ ಯಾವುದು, ಮ್ಯಾರೇಜ್ ಯಾವುದು? ಊಟ ಹಾಕ್ತಾರಾ ಅಂತ ಕೇಳಿ ನೋಡಿ

ಕಳೆದ ತಿಂಗಳು ಅಕ್ಕ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಮಗಳ ಮದುವೆ ಕಾರ್ಡಿನ ಪ್ರೂಫ್. ಕನ್ನಡದ ಕಾರ್ಡು 500, ಹುಡುಗಿಯ ಆಫೀಸಿನವರಿಗೆ ಅಂತ ಇಂಗ್ಲಿಷಿನದು 50. ಜೊತೆಗೆ ಒಂದು ವಾಯ್ಸ್ ಮೆಸೇಜು: "ನೋಡೋ, ಸ್ಪೆಲ್ಲಿಂಗ್ ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳು. ಪ್ರೆಸ್ಸಿನವರು ಸಂಜೆಗೆ ಪ್ರಿಂಟಿಗೆ ಹಾಕ್ತಾರಂತೆ."

ಇಂಗ್ಲಿಷ್ ಕಾರ್ಡಿನ ನೆತ್ತಿಯ ಮೇಲೆ ಗಣಪತಿ. ಅವನ ಕೆಳಗೆ ಬಂಗಾರದ ಬಣ್ಣದಲ್ಲಿ ದೊಡ್ಡದಾಗಿ 'ವೀಡಿಂಗ್ ಇನ್ವಿಟೇಶನ್'. 'ಇ' ಒಂದು ಜಾಸ್ತಿ, 'ಡಿ' ಒಂದು ಕಡಿಮೆ. ವೀಡಿಂಗ್ ಅಂದರೆ ಕಳೆ ಕೀಳುವುದು. ಬಂಧುಮಿತ್ರರೆಲ್ಲ ಸಕುಟುಂಬ ಸಮೇತರಾಗಿ ಬಂದು ಕಳೆ ಕಿತ್ತುಕೊಡಬೇಕಾಗಿ ವಿನಂತಿ ಅಂದ ಹಾಗಾಗಿತ್ತು. ಅದನ್ನು ಹೇಳಿದ್ದಕ್ಕೆ ಅಕ್ಕ ನಕ್ಕಳು. ಆದರೆ ಅದರ ಕೆಳಗಿನ ಸಾಲುಗಳಲ್ಲಿ ಇದ್ದ 'ಮ್ಯಾರೇಜ್ ರಿಸೆಪ್ಶನ್' ಅನ್ನೋದನ್ನೂ ಬದಲಾಯಿಸೋಣ ಅಂದಾಗ ಅವಳಿಗೆ ರೇಗಿತು. "ವೆಡ್ಡಿಂಗ್ ಅಂದ್ರೂ ಮದುವೆ, ಮ್ಯಾರೇಜ್ ಅಂದ್ರೂ ಮದುವೆ. ಯಾವುದಾದ್ರೇನೋ?"

ಅಕ್ಕನ ಪ್ರಶ್ನೆ ತಪ್ಪಲ್ಲ. ನಮಗೆ ಎರಡಕ್ಕೂ ಇರೋದು ಒಂದೇ ಪದ. ಅದಕ್ಕೇ ಇಂಗ್ಲಿಷಿನಲ್ಲಿ ಬರೆಯುವಾಗ ಕೈಗೆ ಯಾವುದು ಮೊದಲು ಸಿಗುತ್ತೋ ಅದನ್ನು ಹಾಕಿಬಿಡುತ್ತೇವೆ. ಅವಳಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆದಿದ್ದೇನೆ. ಕಾರ್ಡು, ರಜಾ ಅರ್ಜಿ, ವೀಸಾ ಫಾರ್ಮು ಬರೆಯೋರಿಗೆ ಉಪಯೋಗಕ್ಕೆ ಬಂದೀತು.

ಮೊದಲ ಹೆಜ್ಜೆ: ಊಟ ಇದೆಯಾ?

ವೆಡ್ಡಿಂಗ್ ಅಂದರೆ ಮದುವೆಯ ಕಾರ್ಯಕ್ರಮ. ಒಂದು ದಿನ, ಹೆಚ್ಚೆಂದರೆ ನಾಲ್ಕೈದು ದಿನ. ಅದಕ್ಕೆ ಮುಹೂರ್ತ ಇರುತ್ತದೆ, ಜಾಗ ಇರುತ್ತದೆ, ಓಲಗ ಇರುತ್ತದೆ, ಎರಡನೇ ಪಂಕ್ತಿಯಲ್ಲಿ ಹೋಳಿಗೆ ಖಾಲಿಯಾಗುವ ಭಯ ಇರುತ್ತದೆ. ಛತ್ರ ಖಾಲಿ ಮಾಡಿದ ಹೊತ್ತಿಗೆ ವೆಡ್ಡಿಂಗ್ ಮುಗಿಯುತ್ತದೆ.

ಮ್ಯಾರೇಜ್ ಅಂದರೆ ಆ ದಿನ ಶುರುವಾಗುವ ಸಂಬಂಧ. ಗಂಡ ಹೆಂಡತಿಯಾಗಿ ಇರುವ ಸ್ಥಿತಿ. ಅದಕ್ಕೆ ಮುಹೂರ್ತ ಇಲ್ಲ, ವರ್ಷಗಳ ಲೆಕ್ಕ ಇದೆ. ಇದು ಐದು ವರ್ಷ ಇರಬಹುದು, ಐವತ್ತು ವರ್ಷ ಇರಬಹುದು.

ಹಾಗಾಗಿ ಅನುಮಾನ ಬಂದಾಗ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ನಾನು ಈಗ ಹೇಳುತ್ತಿರುವ ಮದುವೆಯಲ್ಲಿ ಊಟ ಹಾಕ್ತಾರಾ? ಹಾಕ್ತಾರೆ ಅಂದರೆ ವೆಡ್ಡಿಂಗ್. ಇಲ್ಲ ಅಂದರೆ ಮ್ಯಾರೇಜ್.

ನಮ್ಮ ಎರಡು ಗಾದೆಗಳ ಮೇಲೆ ಇದನ್ನು ಪರೀಕ್ಷೆ ಮಾಡಿ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು." ಇಲ್ಲಿರೋದು ಛತ್ರದ ಬಾಡಿಗೆ, ಅಡುಗೆಯವರ ಅಡ್ವಾನ್ಸು, ಬೀಗರ ಮುನಿಸು. ಅಂದರೆ ವೆಡ್ಡಿಂಗ್. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ." ಇಲ್ಲೂ ಊಟ ಬಂತು, ನಿಜ. ಆದರೆ ಅದು ಪಂಕ್ತಿ ಊಟ ಅಲ್ಲ, ದಿನಾ ಮನೆಯಲ್ಲಿ ಉಣ್ಣುವ ಊಟ. ಅದು ಮ್ಯಾರೇಜ್.

ಈ ವ್ಯತ್ಯಾಸ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಟೀಮಿಗೆ ಇಂಗ್ಲೆಂಡಿನ ಹುಡುಗಿಯೊಬ್ಬಳ ಜೊತೆ ವಾರಕ್ಕೊಂದು ಕಾಲ್ ಇರುತ್ತಿತ್ತು. ಅವಳು ಮದುವೆಗೆಂದು ಮೂರು ವಾರ ರಜೆ ಹಾಕಿ ವಾಪಸ್ ಬಂದಿದ್ದಳು. ಮಾತು ಶುರು ಮಾಡಬೇಕಲ್ಲ, ನಾನು ಬಾಯಿ ತುಂಬಾ ಕೇಳಿದೆ: 'ಹೌ ವಾಸ್ ಯುವರ್ ಮ್ಯಾರೇಜ್?' ಆ ಕಡೆ ಎರಡು ಸೆಕೆಂಡು ಸದ್ದಿಲ್ಲ. ಆಮೇಲೆ ಅವಳು, "ಇನ್ನೂ ನಡೀತಾ ಇದೆ, ಸದ್ಯಕ್ಕೇನೂ ತೊಂದರೆ ಇಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ನಾನು ಕೇಳಿದ್ದು "ನಿನ್ನ ಸಂಸಾರ ಹೇಗಿತ್ತು?" ಅಂತ. 'ಹೇಗಿತ್ತು' ಅಂದರೆ ಈಗ ಇಲ್ಲ ಅಂತಲೇ ಅಲ್ವಾ? 'ಹೌ ವಾಸ್ ದ ವೆಡ್ಡಿಂಗ್?' ಅಂದಿದ್ದರೆ ಮುಗಿದುಹೋಗುತ್ತಿತ್ತು.

ಎರಡನೇ ಹೆಜ್ಜೆ: ಮದುವೆಯೋ, ವಿವಾಹವೋ?

ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಅಂದೆ. ಅದು ಪೂರ್ತಿ ನಿಜ ಅಲ್ಲ. ನಮ್ಮಲ್ಲಿ ವಿವಾಹ ಅನ್ನುವ ಇನ್ನೊಂದು ಪದ ಇದೆ. ಅದನ್ನು ಎಲ್ಲೆಲ್ಲಿ ಹಾಕುತ್ತೇವೆ ಅಂತ ಸ್ವಲ್ಪ ಗಮನಿಸಿ.

ಮದುವೆ ಮನೆ, ಮದುವೆ ಊಟ, ಮದುವೆ ದಿಬ್ಬಣ, ಮದುವೆ ಸೀರೆ, ಮದುವೆ ಓಡಾಟ. ಇಲ್ಲಿ ಯಾರೂ 'ವಿವಾಹ ಊಟ' ಅನ್ನಲ್ಲ. ಅಂದರೆ ನಗ್ತಾರೆ. ಅದೇ ವಿವಾಹ ನೋಂದಣಿ, ವಿವಾಹ ವಿಚ್ಛೇದನ, ಬಾಲ್ಯವಿವಾಹ, ಅಂತರ್ಜಾತಿ ವಿವಾಹ, ವೈವಾಹಿಕ ಜೀವನ, ವಿವಾಹೇತರ ಸಂಬಂಧ. ಇವೆಲ್ಲ ಕಾನೂನು, ಸಮಾಜ, ಪೇಪರಿನ ಸುದ್ದಿಯ ಮಾತು.

ಇಂಗ್ಲಿಷಿನಲ್ಲೂ ಹೆಚ್ಚುಕಮ್ಮಿ ಹೀಗೇ. ವೆಡ್ಡಿಂಗ್ ಅವರ ಮನೆಯ ಪದ. ಹಳೇ ಇಂಗ್ಲಿಷಿನ 'ವೆಡ್' ಅನ್ನುವುದಕ್ಕೆ ಮಾತು ಕೊಡುವುದು, ಒತ್ತೆ ಇಡುವುದು ಅಂತ ಅರ್ಥ. ಒಂಥರಾ ನಮ್ಮ ನಿಶ್ಚಿತಾರ್ಥಕ್ಕೇ ಹತ್ತಿರ. ಮ್ಯಾರೇಜ್ ಹೊರಗಿನಿಂದ ಬಂದ ಪದ. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅದಾದ ಮೇಲೆ ಕೋರ್ಟು, ಚರ್ಚು, ಆಡಳಿತದ ಜೊತೆ ಫ್ರೆಂಚ್ ಪದಗಳೂ ರಾಶಿ ರಾಶಿ ಬಂದವು. ಅವುಗಳಲ್ಲಿ ಇದೂ ಒಂದು. ಅದರ ಬೇರು ಲ್ಯಾಟಿನ್. ನಮಗೆ ವಿವಾಹ ಸಂಸ್ಕೃತದಿಂದ ಬಂದು ಕಚೇರಿಯ ಕುರ್ಚಿ ಹಿಡಿದ ಹಾಗೆ ಅವರಿಗೆ ಮ್ಯಾರೇಜ್. ಅಡುಗೆಮನೆ, ಬಟ್ಟೆಬರೆ, ಫೋಟೊ ಎಲ್ಲ ಮನೆಯ ಪದದ ಪಾಲಿಗೆ ಉಳಿದವು.

ಹಾಗಾಗಿ ಎರಡನೇ ಪರೀಕ್ಷೆ: ನಿಮ್ಮ ವಾಕ್ಯದಲ್ಲಿ 'ವಿವಾಹ' ಅಥವಾ 'ವೈವಾಹಿಕ' ಹಾಕಿ ನೋಡಿ. ಸಲೀಸಾಗಿ ಕೂತರೆ ಸಾಮಾನ್ಯವಾಗಿ ಮ್ಯಾರೇಜ್. ನಗು ಬಂದರೆ ವೆಡ್ಡಿಂಗ್.

ಎರಡು ಕಡೆ ಈ ಪರೀಕ್ಷೆ ಕೈಕೊಡುತ್ತದೆ, ಈಗಲೇ ಹೇಳಿಬಿಡುತ್ತೇನೆ. ಒಂದು, ವಿವಾಹ ವಾರ್ಷಿಕೋತ್ಸವ. ಅದು ಇಂಗ್ಲಿಷಿನಲ್ಲಿ 'ವೆಡ್ಡಿಂಗ್ ಆ್ಯನಿವರ್ಸರಿ'. ವರ್ಷ ವರ್ಷ ತಿರುಗಿ ಬರೋದು ಮದುವೆಯ ದಿನ, ಸಂಸಾರ ಅಲ್ಲ. ಎರಡು, ನಮ್ಮ ಲಗ್ನಪತ್ರಿಕೆ. ಅಲ್ಲಿ ಮಾತ್ರ ಮದುವೆ ಅನ್ನೋದು ಜರತಾರಿ ಪಂಚೆ ಉಟ್ಟುಕೊಂಡು 'ವಿವಾಹ ಮಹೋತ್ಸವ' ಆಗಿಬಿಡುತ್ತದೆ. ಊಟದ ಪರೀಕ್ಷೆ ಇವೆರಡು ಕಡೆಯೂ ಸರಿಯಾಗೇ ಕೆಲಸ ಮಾಡುತ್ತದೆ.

ಮೂರನೇ ಹೆಜ್ಜೆ: ಯಾವುದರ ಜೊತೆ ಯಾವುದು

ಇದು ಬಾಯಿಪಾಠ. ಕೈಯಲ್ಲಿ ಹಿಡಿಯುವ, ಕಣ್ಣಿಗೆ ಕಾಣುವ ವಸ್ತುಗಳೆಲ್ಲ ವೆಡ್ಡಿಂಗ್ ಪಕ್ಷ: ವೆಡ್ಡಿಂಗ್ ಕಾರ್ಡ್, ವೆಡ್ಡಿಂಗ್ ರಿಂಗ್, ವೆಡ್ಡಿಂಗ್ ಸಾರಿ, ವೆಡ್ಡಿಂಗ್ ಕೇಕ್, ವೆಡ್ಡಿಂಗ್ ಗಿಫ್ಟ್, ವೆಡ್ಡಿಂಗ್ ಫೋಟೊಗ್ರಾಫರ್, ವೆಡ್ಡಿಂಗ್ ಗೆಸ್ಟ್. ಒಂದನ್ನು ಬಿಟ್ಟು: ಸರ್ಟಿಫಿಕೇಟ್. ಅದು ಕೈಯಲ್ಲಿ ಹಿಡಿಯುವ ಕಾಗದವೇ, ಆದರೂ 'ಮ್ಯಾರೇಜ್ ಸರ್ಟಿಫಿಕೇಟ್'. ಸರ್ಕಾರ ಪ್ರಮಾಣ ಮಾಡಿ ಹೇಳೋದು ನಿಮ್ಮ ಸಂಬಂಧವನ್ನು. ನಿಮ್ಮ ಛತ್ರದ ಊಟವನ್ನಲ್ಲ.

ಮ್ಯಾರೇಜ್ ಪಕ್ಷದಲ್ಲಿ ಇರುವವು: ಅರೇಂಜ್ಡ್ ಮ್ಯಾರೇಜ್, ಲವ್ ಮ್ಯಾರೇಜ್, ಮ್ಯಾರೇಜ್ ಪ್ರಪೋಸಲ್, ಮ್ಯಾರೇಜ್ ಕೌನ್ಸೆಲರ್, ಹ್ಯಾಪಿ ಮ್ಯಾರೇಜ್, ಚೈಲ್ಡ್ ಮ್ಯಾರೇಜ್. ನಮ್ಮ ಜನ 'ಅರೇಂಜ್ ಮ್ಯಾರೇಜ್' ಅಂತಾರೆ. ಬರೆಯುವಾಗ ಕೊನೆಗೆ 'ಡಿ' ಸೇರಿಸಿ, ಅಷ್ಟೇ.

ಒಂದೇ ಜಾಗದಲ್ಲಿ ಎರಡೂ ಪದ ಸರಿಯಾಗಿ, ಅರ್ಥ ಮಾತ್ರ ಬೇರೆಯಾಗುವುದುಂಟು. 'ಸೆಕೆಂಡ್ ಮ್ಯಾರೇಜ್' ಅಂದರೆ ಎರಡನೇ ಸಂಬಂಧ. 'ಸೆಕೆಂಡ್ ವೆಡ್ಡಿಂಗ್' ಅಂದರೆ ಅದೇ ಜೋಡಿಗೆ ಇನ್ನೊಂದು ಸಮಾರಂಭವೂ ಆಗಬಹುದು. ನೆದರ್ಲೆಂಡ್ಸ್‌ನಲ್ಲಿರುವ ಕನ್ನಡದ ಹುಡುಗ ಅಲ್ಲಿನ ಹುಡುಗಿಯನ್ನು ಮದುವೆಯಾಗುತ್ತಾನೆ ಅಂತ ಇಟ್ಟುಕೊಳ್ಳಿ. ಅಲ್ಲಿನ ಕಾನೂನಿಗೆ ಲೆಕ್ಕ ಬರೋದು ಪುರಸಭೆಯಲ್ಲಿ ಆದ ಮದುವೆ ಮಾತ್ರ. ಹಾಗಾಗಿ ಮೊದಲು ಅಲ್ಲಿ ಸಹಿ. ಮೂರು ತಿಂಗಳ ನಂತರ ಶಿವಮೊಗ್ಗದಲ್ಲಿ ಧಾರೆ, ಅಕ್ಷತೆ, ಕಡುಬು. ಅವರದು ಎರಡು ವೆಡ್ಡಿಂಗ್, ಒಂದು ಮ್ಯಾರೇಜ್. ಇವರು ಗೆಳೆಯರಿಗೆ 'ಮೈ ಸೆಕೆಂಡ್ ಮ್ಯಾರೇಜ್ ಈಸ್ ಇನ್ ಶಿವಮೊಗ್ಗ' ಅಂತ ಮೆಸೇಜು ಹಾಕಿದರೆ ಗೆಳೆಯರು ಫೋನ್ ಮಾಡಿ ಸಮಾಧಾನ ಹೇಳುತ್ತಾರೆ.

ಸ್ಪೆಲ್ಲಿಂಗ್ ಬಗ್ಗೆ ಎರಡೇ ಮಾತು. ವೆಡ್ಡಿಂಗ್‌ಗೆ ಎರಡು 'ಡಿ', ಒಂದೇ 'ಇ'. ಇಲ್ಲದಿದ್ದರೆ ಕಳೆ ಕೀಳಬೇಕಾಗುತ್ತದೆ. ಮ್ಯಾರೇಜ್‌ನಲ್ಲಿ ಎರಡು 'ಆರ್' ಆದಮೇಲೆ 'ಐ' ಮೊದಲು, 'ಎ' ಆಮೇಲೆ. ಸುಮಾರು ಜನ ಅದನ್ನು ತಿರುಗಿಸಿ ಬರೆಯುತ್ತಾರೆ. ಗಾಡಿಗೆ ಹೇಳುವ ಕ್ಯಾರೇಜ್ ಇದೆಯಲ್ಲ, ಅದರ 'ಸಿ' ತೆಗೆದು 'ಎಮ್' ಹಾಕಿದರೆ ಮ್ಯಾರೇಜ್. ಉಳಿದ ಅಕ್ಷರ ಎಲ್ಲಾ ಅವೇ.

ನಾಲ್ಕನೇ ಹೆಜ್ಜೆ: ಆಗೋದು ಬೇರೆ, ಮಾಡೋದು ಬೇರೆ

ನನ್ನ ಪ್ರಕಾರ ಕನ್ನಡಿಗರು ನಿಜವಾಗಿ ಜಾರಿ ಬೀಳೋದು ಇಲ್ಲಿ. ವೆಡ್ಡಿಂಗ್, ಮ್ಯಾರೇಜ್ ಅದಲುಬದಲಾದರೆ ಜನ ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಕ್ರಿಯಾಪದ ತಪ್ಪಿದರೆ ಅನರ್ಥ.

ನಮ್ಮಲ್ಲಿ ಹುಡುಗ ಹುಡುಗಿ ಮದುವೆ 'ಆಗುತ್ತಾರೆ'. ಅಪ್ಪ ಅಮ್ಮ ಮದುವೆ 'ಮಾಡುತ್ತಾರೆ'. ಪುರೋಹಿತರು ಮದುವೆ 'ಮಾಡಿಸುತ್ತಾರೆ'. ಮೂರಕ್ಕೂ ಬೇರೆ ಬೇರೆ ಕ್ರಿಯಾಪದ, ಗೊಂದಲವೇ ಇಲ್ಲ. ಇಂಗ್ಲಿಷಿನ 'ಮ್ಯಾರಿ' ಮಾತ್ರ ಮುಖ್ಯವಾಗಿ 'ಆಗು'. ಅಂದರೆ 'ಐ ಆ್ಯಮ್ ಮ್ಯಾರಿಯಿಂಗ್ ಮೈ ಡಾಟರ್ ಇನ್ ಮೇ' ಅಂತ ಯಾವುದಾದರೂ ತಂದೆ ಬರೆದರೆ, ಅವರು ಹೇಳಬೇಕೆಂದಿದ್ದು "ಮೇ ತಿಂಗಳಲ್ಲಿ ಮಗಳ ಮದುವೆ ಮಾಡುತ್ತಿದ್ದೇನೆ." ಓದುವವನಿಗೆ ಕಾಣೋದು ಪೊಲೀಸರಿಗೆ ಹೇಳಬೇಕಾದ ವಿಷಯ. ಇದನ್ನು ತಪ್ಪಿಸೋದು ಸುಲಭ. ಮಾಡುವವರನ್ನು ಬಿಟ್ಟು, ಆಗುವವರಿಂದ ವಾಕ್ಯ ಶುರು ಮಾಡಿ: 'ಮೈ ಡಾಟರ್ ಈಸ್ ಗೆಟಿಂಗ್ ಮ್ಯಾರೀಡ್ ಇನ್ ಮೇ.' ಖರ್ಚು ಮಾಡುತ್ತಿರೋದು ನಾವು, ಅದೂ ಗೊತ್ತಾಗಲಿ ಅನ್ನುವ ಹಟ ಇದ್ದರೆ, 'ವಿ ಆರ್ ಹೋಸ್ಟಿಂಗ್ ಅವರ್ ಡಾಟರ್ಸ್ ವೆಡ್ಡಿಂಗ್.'

ಪುರೋಹಿತರ ವಿಷಯದಲ್ಲಿ ಇನ್ನೊಂದು ತಮಾಷೆ. 'ದ ಪ್ರೀಸ್ಟ್ ಮ್ಯಾರೀಡ್ ದೆಮ್' ಅಂದರೆ ಅದು ಸರಿ, ಪುರೋಹಿತರು ಅವರಿಬ್ಬರಿಗೆ ಮದುವೆ ಮಾಡಿಸಿದರು ಅಂತ. 'ದ ಪ್ರೀಸ್ಟ್ ಮ್ಯಾರೀಡ್ ಹರ್' ಅಂದರೆ ಓದುಗರು ಮದುಮಗ ಎಲ್ಲಿ ಹೋದ ಅಂತ ಹುಡುಕುತ್ತಾರೆ.

ಮುಂದಿನದು 'ಜೊತೆ'. ನಾವು "ಅವನ ಜೊತೆ ಮದುವೆಯಾದಳು" ಅನ್ನುತ್ತೇವೆ, ಹಾಗಾಗಿ ಇಂಗ್ಲಿಷಿಗೂ 'ವಿತ್' ತಂದು ಅಂಟಿಸುತ್ತೇವೆ. 'ಶೀ ಮ್ಯಾರೀಡ್ ವಿತ್ ಹಿಮ್' ತಪ್ಪು. 'ಶೀ ಮ್ಯಾರೀಡ್ ಹಿಮ್', ನಡುವೆ ಏನೂ ಬೇಡ. 'ಮ್ಯಾರೀಡ್' ಅನ್ನೋದು ಸ್ಥಿತಿ ಹೇಳುವಾಗ 'ಟು' ಬೇಕು: 'ಶೀ ಈಸ್ ಮ್ಯಾರೀಡ್ ಟು ಎ ಡಾಕ್ಟರ್.' ಹಾಗಾದರೆ 'ಮ್ಯಾರೀಡ್ ವಿತ್' ಅನ್ನೋದು ಇಲ್ಲವೇ ಇಲ್ಲವಾ? ಇದೆ. 'ಹೀ ಈಸ್ ಮ್ಯಾರೀಡ್ ವಿತ್ ಟೂ ಚಿಲ್ಡ್ರನ್.' ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ ಅಂತ. ಇಲ್ಲಿ ಅಭ್ಯಾಸಬಲದಿಂದ 'ಟು' ಹಾಕಿದರೆ ಮತ್ತೆ ಪೊಲೀಸರು.

ಕಾಲದ ವಿಷಯ. ಆ ದಿನದ ಘಟನೆ ಹೇಳುವಾಗ 'ಗಾಟ್ ಮ್ಯಾರೀಡ್': 'ವಿ ಗಾಟ್ ಮ್ಯಾರೀಡ್ ಇನ್ 2010.' ಅಲ್ಲಿಂದ ಇಲ್ಲಿಯವರೆಗಿನ ಲೆಕ್ಕ ಹೇಳುವಾಗ 'ಹ್ಯಾವ್ ಬೀನ್ ಮ್ಯಾರೀಡ್': 'ವಿ ಹ್ಯಾವ್ ಬೀನ್ ಮ್ಯಾರೀಡ್ ಸಿನ್ಸ್ 2010.' ನಮ್ಮ ಕಡೆ 'ಐ ಆ್ಯಮ್ ಮ್ಯಾರೀಡ್ ಸಿನ್ಸ್ 2010' ಜಾಸ್ತಿ ಕೇಳಿಬರುತ್ತದೆ. ಮಾತಿನಲ್ಲಿ ನಡೆದುಹೋಗುತ್ತದೆ, ಬರವಣಿಗೆಯಲ್ಲಿ ಬೇಡ.

ಇನ್ನು "ಮದುವೆ ಮುರೀತು". ಕನ್ನಡದಲ್ಲಿ ಇದನ್ನು ಕೇಳಿದ ತಕ್ಷಣ ನಮಗೆ ಅನಿಸೋದು ನಿಶ್ಚಯವಾಗಿದ್ದ ಸಂಬಂಧ ತಪ್ಪಿಹೋಯಿತು, ತಾಳಿ ಕಟ್ಟುವ ಮುಂಚೆಯೇ ಏನೋ ಆಯಿತು ಅಂತ. ಅದನ್ನೇ 'ಹರ್ ಮ್ಯಾರೇಜ್ ಬ್ರೋಕ್' ಅಂತ ಇಂಗ್ಲಿಷಿಗೆ ತಂದರೆ ಅವಳಿಗೆ ಮದುವೆಯಾಗಿತ್ತು, ಸಂಸಾರ ಒಡೆಯಿತು ಅಂತ ಅರ್ಥ ಬರುತ್ತದೆ. ಇದು ಒಬ್ಬ ಹುಡುಗಿಯ ಬಗ್ಗೆ ಸುಮ್ನೆ ಆಡುವ ಮಾತಲ್ಲ, ಹುಷಾರಾಗಿರಿ. ಮುಹೂರ್ತಕ್ಕೆ ಮೊದಲು ನಿಂತದ್ದಾದರೆ 'ದ ವೆಡ್ಡಿಂಗ್ ವಾಸ್ ಕಾಲ್ಡ್ ಆಫ್'. ಆಮೇಲೆ ಮುರಿದದ್ದಾದರೆ ಮಾತ್ರ 'ದ ಮ್ಯಾರೇಜ್ ಎಂಡೆಡ್'.

ಐದನೇ ಹೆಜ್ಜೆ: ರಜಾ ಅರ್ಜಿ

'ಐ ಹ್ಯಾವ್ ಎ ಮ್ಯಾರೇಜ್ ಆನ್ ಫ್ರೈಡೇ' ಅಂತ ಮೇಲ್ ಹಾಕಿದರೆ ಹೊರಗಿನ ಬಾಸ್ ನಿಮಗೇ ಅಭಿನಂದನೆ ಹೇಳುವ ಸಾಧ್ಯತೆ ಇದೆ. ಎಷ್ಟೋ ಕಂಪನಿಗಳಲ್ಲಿ 'ಮ್ಯಾರೇಜ್ ಲೀವ್' ಅನ್ನುವ ರಜೆಯೇ ಬೇರೆ ಇರುತ್ತದೆ. ಅದು ಸ್ವಂತ ಮದುವೆಗೆ. ದೊಡ್ಡಪ್ಪನ ಮಗನ ಮದುವೆಗೆ ಹೋಗುವವರು ಆ ಪದ ಮುಟ್ಟಬೇಡಿ. ಬರೆಯಬೇಕಾದ್ದು ಇಷ್ಟು:

'ಐ ವುಡ್ ಲೈಕ್ ಟು ಟೇಕ್ ಲೀವ್ ಆನ್ ಥರ್ಸ್‌ಡೇ ಆ್ಯಂಡ್ ಫ್ರೈಡೇ ಟು ಅಟೆಂಡ್ ಮೈ ಕಸಿನ್ಸ್ ವೆಡ್ಡಿಂಗ್ ಇನ್ ಹಾಸನ.'

ಯಾರ ಮದುವೆ, ಎಲ್ಲಿ, ಯಾವ ದಿನ. ಮೂರೂ ಬಂತು. 'ಫ್ಯಾಮಿಲಿ ಫಂಕ್ಷನ್' ಅಂತ ಗುಟ್ಟು ಮಾಡುವುದೂ ಬೇಡ.

ಆರನೇ ಹೆಜ್ಜೆ: ಇಂಗ್ಲಿಷ್ ಕಾರ್ಡು

ಮತ್ತೆ ಅಕ್ಕನ ಕಾರ್ಡಿಗೆ ಬರೋಣ. ಮೇಲೆ 'ವೆಡ್ಡಿಂಗ್ ಇನ್ವಿಟೇಶನ್', ಡಿ ಎರಡು. ಒಳಗೆ 'ಕಾರ್ಡಿಯಲಿ ಇನ್ವೈಟ್ ಯು ಟು ದ ವೆಡ್ಡಿಂಗ್ ಆಫ್ ಅವರ್ ಡಾಟರ್'. ಇಲ್ಲಿ 'ಮ್ಯಾರೇಜ್ ಆಫ್' ಅಂತ ಇದ್ದರೂ ತಪ್ಪಲ್ಲ. ಇಂಗ್ಲೆಂಡಿನ ಹಳೇ ಶೈಲಿಯ ಕಾರ್ಡುಗಳಲ್ಲಿ ಹಾಗೆ ಬರೆಯುವ ಪದ್ಧತಿ ಇದೆ. ಆದರೆ 'ಮ್ಯಾರೇಜ್ ರಿಸೆಪ್ಶನ್' ಬೇಡ, 'ವೆಡ್ಡಿಂಗ್ ರಿಸೆಪ್ಶನ್' ಮಾಡಿ.

ರಿಸೆಪ್ಶನ್ ಅಂದಕೂಡಲೇ ಒಂದು ಮುಖ್ಯ ವಿಷಯ. ಇದು ಪದದ ತಪ್ಪಿಗಿಂತ ದೊಡ್ಡದು. ಬೆಂಗಳೂರು, ಮೈಸೂರು ಕಡೆ ಎಷ್ಟೋ ಮದುವೆಗಳಲ್ಲಿ ಆರತಕ್ಷತೆ ಹಿಂದಿನ ದಿನ ಸಂಜೆಯೇ ಆಗಿಬಿಡುತ್ತದೆ, ಧಾರೆ ಮಾರನೇ ದಿನ ಬೆಳಗ್ಗೆ. ಹೊರದೇಶದವರ ಲೆಕ್ಕದಲ್ಲಿ ರಿಸೆಪ್ಶನ್ ಅನ್ನೋದು ಮದುವೆ ಆದಮೇಲೆ. ಅವರು ಕಾರ್ಡು ಓದಿ, ಇದು ಪ್ರಿಂಟಿಂಗ್ ತಪ್ಪಿರಬೇಕು ಅಂದುಕೊಂಡು ದಿನ ಅದಲುಬದಲು ಮಾಡಿಕೊಂಡು ಬರುವ ಅಪಾಯ ಇದೆ. ಅದಕ್ಕೆ ಎರಡಕ್ಕೂ ವಾರ, ತಾರೀಖು, ಗಂಟೆ ಬಿಡಿಸಿ ಬರೆಯಿರಿ. ಮುಹೂರ್ತ ಬೆಳಗ್ಗೆ 6:15ಕ್ಕೆ ಇದ್ದರೆ 'ಎ.ಎಂ.' ಅನ್ನೋದನ್ನು ಮರೆಯಬೇಡಿ. ಬೆಳಗಿನ ಜಾವ ಯಾರಾದರೂ ಮದುವೆಯಾಗುತ್ತಾರೆ ಅಂತ ಅವರಿಗೆ ಹೊಳೆಯಲಿಕ್ಕಿಲ್ಲ.

'ವೆಡ್ಸ್' ಅನ್ನೋದು ಛತ್ರದ ಬಾಗಿಲಲ್ಲಿ ಹೂವಿನಲ್ಲಿ ಬರೆಯುವ ಬೋರ್ಡಿಗೆ ಚೆಂದ. ಎರಡು ಹೆಸರಿನ ನಡುವೆ ಪುಟ್ಟದಾಗಿ ಕೂರುತ್ತದೆ. ಮಾತಿನಲ್ಲಿ 'ಹೀ ವೆಡ್ಸ್ ಹರ್ ಟುಮಾರೋ' ಅಂತ ಯಾರೂ ಅನ್ನಲ್ಲ. ಪೇಪರಿನ ತಲೆಬರಹಕ್ಕೆ, ಬೋರ್ಡಿಗೆ ಅದನ್ನು ಬಿಟ್ಟುಬಿಡಿ. ಕನ್ನಡ ಕಾರ್ಡಿನ ಚಿ|| ರಾ||, ಚಿ|| ಕುಂ|| ಸೌ|| ಇವನ್ನೂ ಇಂಗ್ಲಿಷಿಗೆ ಎಳೆದು ತರಬೇಡಿ. ಬರೀ ಹೆಸರು ಸಾಕು.

ಮದುಮಗ, ಮದುಮಗಳು ಅಂತ ನಮ್ಮಲ್ಲಿ ಸಮ ಸಮ ಇದೆ. ಇಂಗ್ಲಿಷಿನಲ್ಲಿ ಹೆಣ್ಣೇ ಮೊದಲು. ಬ್ರೈಡ್ ಅನ್ನೋದು ಮೂಲ ಪದ. ಗಂಡು 'ಬ್ರೈಡ್‌ಗ್ರೂಮ್', ಅಂದರೆ ಬ್ರೈಡಿನ ಗಂಡಾಳು. ಹಳೇ ಇಂಗ್ಲಿಷಿನಲ್ಲಿ 'ಗುಮ' ಅಂದರೆ ಗಂಡಸು. ಆ ಪದ ಮರೆತುಹೋದ ಮೇಲೆ ಜನ ಅದನ್ನು 'ಗ್ರೂಮ್' ಮಾಡಿಕೊಂಡರು. ಕುದುರೆ ಲಾಯದ ಆಳಿಗೂ ಅದೇ ಹೆಸರು. ಭಾವನಿಗೆ ಇದನ್ನು ಹೇಳಿದೆ, ಅಳಿಯನಿಗೆ ಮಾತ್ರ ಹೇಳಬೇಡ ಅಂದರು.

ಏಳನೇ ಹೆಜ್ಜೆ: ಫಾರ್ಮು, ಸರ್ಟಿಫಿಕೇಟು

ಸರ್ಕಾರಿ ಕಾಗದ ಅಂದರೆ ಕಣ್ಣು ಮುಚ್ಚಿ ಮ್ಯಾರೇಜ್. ಮ್ಯಾರೇಜ್ ರಿಜಿಸ್ಟ್ರೇಷನ್, ಡೇಟ್ ಆಫ್ ಮ್ಯಾರೇಜ್, ಮ್ಯಾರೇಜ್ ಆಫೀಸರ್. ಅಮೆರಿಕದಲ್ಲಿ ಮದುವೆಯಾಗುವವರು ಮೊದಲು 'ಮ್ಯಾರೇಜ್ ಲೈಸೆನ್ಸ್' ತೆಗೆದುಕೊಳ್ಳಬೇಕು. ಅದು ಮದುವೆಗೆ ಮುಂಚಿನ ಅನುಮತಿ. ಸರ್ಟಿಫಿಕೇಟ್ ಮದುವೆಯ ನಂತರದ ಸಾಕ್ಷಿ. ವೀಸಾಕ್ಕೆ ಕೇಳೋದು ಸರ್ಟಿಫಿಕೇಟ್.

ಫಾರ್ಮಿನಲ್ಲಿ 'ಮಾರಿಟಲ್ ಸ್ಟೇಟಸ್' ಅಂತ ಒಂದು ಕಾಲಂ ಇರುತ್ತದೆ. ಬಯೊಡೇಟಾದಲ್ಲಿ ಇದನ್ನು ನೀವೇ ಟೈಪ್ ಮಾಡುವಾಗ 'ಐ' ಮತ್ತು 'ಟಿ' ಜಾಗ ಬದಲಾದರೆ ಅದು 'ಮಾರ್ಷಲ್ ಸ್ಟೇಟಸ್' ಆಗುತ್ತದೆ. ಮಾರ್ಷಲ್ ಅಂದರೆ ಯುದ್ಧಕ್ಕೆ ಸಂಬಂಧಿಸಿದ್ದು. ಕೆಲವರ ಮನೆಯಲ್ಲಿ ಅದೇ ಸರಿಯಿರಬಹುದು. ಆದರೂ ಕಂಪ್ಯೂಟರ್ ಇದನ್ನು ಕೆಂಪು ಗೆರೆ ಎಳೆದು ತೋರಿಸಲ್ಲ, ಎರಡೂ ನಿಜವಾದ ಪದಗಳೇ. ಕಣ್ಣಿಟ್ಟು ನೋಡಬೇಕು.

ವೆಡ್ಡಿಂಗ್ ಇಲ್ಲದೆ ಮ್ಯಾರೇಜ್ ಆಗುತ್ತಾ? ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಎರಡು ಉತ್ತರ ಇದೆ, ಗೊತ್ತಿದ್ದರೆ ಒಳ್ಳೆಯದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗುತ್ತದೆ. 30 ದಿನದ ನೋಟಿಸು ಕೊಟ್ಟು, ಮ್ಯಾರೇಜ್ ಆಫೀಸರ್ ಮತ್ತು ಮೂವರು ಸಾಕ್ಷಿಗಳ ಎದುರು, ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಒಪ್ಪಿಕೊಂಡೆವು ಅಂತ ಹೇಳಿದರೆ ಸಾಕು. ಕನ್ನಡದಲ್ಲೇ ಹೇಳಬಹುದು. ಓಲಗ, ಊಟ ಏನೂ ಬೇಕಿಲ್ಲ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಹಾಗಿಲ್ಲ. ಅಲ್ಲಿ ಪದ್ಧತಿ ಪ್ರಕಾರ ಶಾಸ್ತ್ರ ನಡೆದಿರಬೇಕು, ನೋಂದಣಿ ಅದಕ್ಕೊಂದು ಸಾಕ್ಷಿ ಮಾತ್ರ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಇದನ್ನು ಬಿಡಿಸಿ ಹೇಳಿತು. ಆ ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಈ ಕಾಯ್ದೆಯಡಿ ಅದು ಮದುವೆಯಾಗಲ್ಲ ಅಂದರು. ಮದುವೆ ಅಂದರೆ ಹಾಡು, ಕುಣಿತ, ಊಟ, ಕುಡಿತಕ್ಕೆ ಒಂದು ನೆಪ ಅಲ್ಲ ಅಂತಲೂ ಅದೇ ಆದೇಶದಲ್ಲಿತ್ತು. ವೀಸಾ ಬೇಗ ಆಗಲಿ ಅಂತ ಮೊದಲು ರಿಜಿಸ್ಟರ್ ಮಾಡಿಸಿ, ಶಾಸ್ತ್ರ ಆರು ತಿಂಗಳ ಮೇಲೆ ಇಟ್ಟುಕೊಳ್ಳುವವರು ಯಾವ ಕಾಯ್ದೆಯಡಿ ಮಾಡಿಸುತ್ತಿದ್ದೇವೆ ಅಂತ ವಕೀಲರನ್ನು ಕೇಳಿಕೊಂಡೇ ಮುಂದೆ ಹೋಗಿ.

ಎಂಟನೇ ಹೆಜ್ಜೆ: ಶುಭಾಶಯ

ಮದುವೆಯ ದಿನ 'ಕಂಗ್ರಾಚುಲೇಷನ್ಸ್' ಅಂದರೆ ಸಾಕು. 'ಹ್ಯಾಪಿ ವೆಡ್ಡಿಂಗ್' ಅಂತ ಇಂಗ್ಲಿಷ್ ಮನೆಮಾತಿನವರು ಸಾಮಾನ್ಯವಾಗಿ ಅನ್ನಲ್ಲ. ನಮ್ಮವರ ನೆಚ್ಚಿನ 'ವಿಶ್ ಯು ಹ್ಯಾಪಿ ಮ್ಯಾರೀಡ್ ಲೈಫ್' ಇದೆಯಲ್ಲ, ಅದರಲ್ಲಿ 'ಎ' ಒಂದು ಸೇರಿಸಿ 'ವಿಶಿಂಗ್ ಯು ಎ ಹ್ಯಾಪಿ ಮ್ಯಾರೀಡ್ ಲೈಫ್' ಮಾಡಿಕೊಳ್ಳಿ. "ದಾಂಪತ್ಯ ಸುಖವಾಗಿರಲಿ" ಅನ್ನುವ ನಮ್ಮ ಹಾರೈಕೆಯೇ ಅದು, ಬಿಡಬೇಕಾಗಿಲ್ಲ.

ವರ್ಷ ತುಂಬಿದಾಗ 'ಹ್ಯಾಪಿ ವೆಡ್ಡಿಂಗ್ ಆ್ಯನಿವರ್ಸರಿ', ಅಥವಾ ಬರೀ 'ಹ್ಯಾಪಿ ಆ್ಯನಿವರ್ಸರಿ'. ಆವತ್ತು 'ಹ್ಯಾಪಿ ವೆಡ್ಡಿಂಗ್ ಡೇ' ಅನ್ನಬೇಡಿ. 25 ವರ್ಷ ಆದವರಿಗೆ ಹಾಗಂದರೆ ಇನ್ನೊಂದು ಸಲ ತಾಳಿ ಕಟ್ಟಿಸಿದ ಹಾಗಾಗುತ್ತದೆ. 'ಮೆನಿ ಮೋರ್ ಹ್ಯಾಪಿ ರಿಟರ್ನ್ಸ್' ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ನಾವು ಇಷ್ಟು ದಿನ ಹೇಳಿದ್ದು ತಪ್ಪಾ?

ಅಷ್ಟು ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲಿಷರೂ ಒಂದು ಕಾಲಕ್ಕೆ ಸಮಾರಂಭಕ್ಕೆ ಮ್ಯಾರೇಜ್ ಅಂತಲೇ ಅನ್ನುತ್ತಿದ್ದರು. ಏಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ ಊಟದ ಕಥೆ ಇದೆಯಲ್ಲ, 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಅದು 'ಮ್ಯಾರೇಜ್'. ಈಚಿನ ಅನುವಾದಗಳಲ್ಲಿ 'ವೆಡ್ಡಿಂಗ್'. ಈಗಲೂ ಡಿಕ್ಷನರಿ ತೆಗೆದರೆ ಮ್ಯಾರೇಜ್ ಅನ್ನುವುದಕ್ಕೆ ಸಮಾರಂಭ ಅನ್ನುವ ಅರ್ಥವೂ ಇರುತ್ತದೆ. ಮಾತಿನಲ್ಲಿ ಬಳಕೆ ಕಡಿಮೆಯಾಗಿದೆ, ಅಷ್ಟೇ.

ನಾವು ನಾವೇ ಮಾತಾಡುವಾಗ "ಮ್ಯಾರೇಜ್‌ಗೆ ಬರ್ತೀಯಾ?" ಅಂದರೆ ಏನೂ ಮುಳುಗಿಹೋಗಲ್ಲ. ಬಸ್ಸಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಚಿನ್ನದ ಅಂಗಡಿಯಲ್ಲಿ ಅದೇ ನಡೆಯುತ್ತದೆ, ನಡೆಯಲಿ. ಹೊರಗಿನವರಿಗೆ ಬರೆಯುವಾಗ, ಪರೀಕ್ಷೆಯಲ್ಲಿ, ಆಫೀಸಿನ ಮೇಲ್‌ನಲ್ಲಿ ಮಾತ್ರ ಊಟದ ಪರೀಕ್ಷೆ ಮಾಡಿ.

ಅಕ್ಕ ಕೊನೆಗೆ ಒಪ್ಪಿದಳು. ಸಂಜೆ ತಿದ್ದಿದ ಪ್ರೂಫ್ ಬಂತು. ವೆಡ್ಡಿಂಗ್ ಇನ್ವಿಟೇಶನ್ ಸರಿಯಾಗಿತ್ತು, ವೆಡ್ಡಿಂಗ್ ರಿಸೆಪ್ಶನ್ ಸರಿಯಾಗಿತ್ತು, ಎರಡು ದಿನದ ತಾರೀಖೂ ಬಿಡಿಸಿ ಹಾಕಿದ್ದರು. ಆದರೆ ಭಾವ ಉತ್ಸಾಹ ಜಾಸ್ತಿಯಾಗಿ ಕೆಳಗಡೆ ಛತ್ರದ ಹೆಸರಿನಲ್ಲಿದ್ದ 'ಮ್ಯಾರೇಜ್ ಹಾಲ್' ಅನ್ನೂ 'ವೆಡ್ಡಿಂಗ್ ಹಾಲ್' ಮಾಡಿಸಿದ್ದರು. ಅದನ್ನು ಮಾತ್ರ ಮೊದಲಿನ ಹಾಗೇ ಮಾಡಿಸಿ ಭಾವ ಅಂದೆ. ಬೋರ್ಡಿನ ಮೇಲೆ ಏನಿದೆಯೋ ಅದೇ ಕಾರ್ಡಿನಲ್ಲೂ ಇರಬೇಕು. ಇಲ್ಲದಿದ್ದರೆ ಬೆಳಗಿನ ಜಾವ ಆಟೋದವನು ಎಲ್ಲಿ ಅಂತ ಹುಡುಕುತ್ತಾನೆ?